ಕಿವಿಗೆ ಕೇಳುವ ಕಮಾಂಡ್

ಗುರುಸಿದ್ದ ಅವರ ಮೇಜಿನ ಮೇಲೆ ಮಾನಿಟರ್ ಇಲ್ಲ. ಇದ್ದದ್ದನ್ನು ಅವರೇ ಕಳಚಿ ಪಕ್ಕದ ಮೇಜಿನವರಿಗೆ ಕೊಟ್ಟಿದ್ದಾರೆ. ಅದಿದ್ದ ಜಾಗದಲ್ಲಿ ಈಗ ಟಿಫಿನ್ ಡಬ್ಬಿ, ಮಡಚಿದ ಬಿಳಿ ಕೋಲು ಇವೆ.

ಜೆ.ಪಿ. ನಗರ ಎರಡನೇ ಹಂತ, ಬೆಳಗಿನ ಜಾವ. ಬೇಕರಿಯೊಂದರ ಮೇಲಿನ ಮಹಡಿಯ ಈ ಕಚೇರಿಯಲ್ಲಿ ಇನ್ನೂ ದೀಪ ಹಾಕಿಲ್ಲ. ಕೆಳಗೆ ಹಾಲಿನ ಕ್ರೇಟುಗಳನ್ನು ಇಳಿಸುವ ಸದ್ದು ಕೇಳುತ್ತಿದೆ. ಬಿಟಿಎಂ ಲೇಔಟಿನಿಂದ ಮೊದಲ ಬಸ್ಸು ಹಿಡಿದು ಬಂದಿರುವ ಗುರುಸಿದ್ದ, ಹೊಸ ಕಂಪ್ಯೂಟರೊಂದರ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಮುಂದಿನ ವಾರ ಕೆಲಸಕ್ಕೆ ಸೇರುವ ಹುಡುಗಿಗೆ ಆ ಯಂತ್ರ ಸಿದ್ಧವಾಗಬೇಕು. ಆಕೆಗೂ ಇವರ ಹಾಗೆ ಕಣ್ಣು ಕಾಣುವುದಿಲ್ಲ.

“ಏಳಕ್ಕ ಮಂದಿ ಬರ್ತಾರ್ರಿ. ಬಂದ್ರ ಮಾತು, ನಗೂದು, ಕುರ್ಚಿ ಎಳಿಯೂದು. ಆಮ್ಯಾಲ ನನ್ನ ಕಿವಿ ಕೆಲಸ ಮಾಡಂಗಿಲ್ಲ. ಅದಕ್ಕ ಈಗ ಬಂದು ಕುಂದರ್ತೀನಿ,” ಎನ್ನುತ್ತಾರೆ. ಬೆರಳುಗಳು ನಿಲ್ಲುವುದಿಲ್ಲ.

ಅವರು ಮಾಡುತ್ತಿರುವ ಕೆಲಸದ ಹೆಸರು ಎಡಿಟರ್ ಒಳಗೆ ಶೆಲ್ ಕೂರಿಸುವುದು. ಎಡಿಟರ್ ಎಂದರೆ ಟೈಪ್ ಮಾಡುವ ತಂತ್ರಾಂಶ. ಶೆಲ್ ಎಂದರೆ ಕಂಪ್ಯೂಟರಿಗೆ ಕಮಾಂಡ್ ಕೊಡುವ ಜಾಗ: ಈ ಫೈಲ್ ತಾ, ಅದರ ಹೆಸರು ಬದಲಿಸು, ಇದನ್ನು ಅಳಿಸು. ಸಾಮಾನ್ಯವಾಗಿ ಇವು ಎರಡು ಬೇರೆ ಬೇರೆ ಕಿಟಕಿಗಳು. ಕಣ್ಣಿದ್ದವರು ಒಂದರಿಂದ ಇನ್ನೊಂದಕ್ಕೆ ಓಡಾಡಿಕೊಂಡಿರುತ್ತಾರೆ. ಆದರೆ ಪರದೆಯ ಮೇಲಿನದನ್ನು ಓದಿ ಹೇಳುವ ಧ್ವನಿ ಈ ಯಂತ್ರಗಳಲ್ಲಿ ಎಡಿಟರಿಗೆ ಮಾತ್ರ ಅಂಟಿಕೊಂಡಿದೆ. ಎಡಿಟರ್ ಬಿಟ್ಟು ಹೊರಗೆ ಕಾಲಿಟ್ಟರೆ ಕಂಪ್ಯೂಟರ್ ಮೂಕ. ಹಾಗಾಗಿ ಶೆಲ್ಲನ್ನೇ ಒಳಗೆ ತರಬೇಕು. ಒಳಗೆ ಬಂದ ಮೇಲೆ ಅದೂ ಒಂದು ಬರಹದ ಹಾಳೆಯಾಗುತ್ತದೆ. ಕೊಟ್ಟ ಕಮಾಂಡು, ಬಂದ ಉತ್ತರ ಎಲ್ಲವನ್ನೂ ಸಾಲು ಸಾಲಾಗಿ ಓದಿಸಿಕೊಳ್ಳಬಹುದು.

ಕಚೇರಿಯ ಕೆಲಸ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಅಮೆರಿಕದ ವೈದ್ಯರು ರೋಗಿಯನ್ನು ನೋಡಿ ಹೇಳಿದ ಮಾತು ರಾತ್ರಿ ಧ್ವನಿಯ ಫೈಲಾಗಿ ಇಲ್ಲಿಗೆ ಬಂದು ಬೀಳುತ್ತದೆ. ಕೇಳಿ, ಟೈಪ್ ಮಾಡಿ, ವಾಪಸು ಕಳಿಸಬೇಕು. ಜಯನಗರದಲ್ಲಿ ಬೆಳೆದ ಮಾಲೀಕ ವಿಷ್ಣು ಕಳೆದ ದಸರೆಯ ನಂತರ ಮೂರು ಕುರ್ಚಿಗಳನ್ನು ಅಂಧರಿಗೆ ಕೊಟ್ಟರು. ಒಂದು ಗುರುಸಿದ್ದ ಅವರದು. ಮಾರ್ಚ್ ಕೊನೆಯವರೆಗೆ ಪರೀಕ್ಷೆಯ ಅವಧಿ ಎಂದರು. ಷರತ್ತು ಒಂದೇ: ಫೈಲ್ ತರುವುದು, ಕಳಿಸುವುದು, ಅಳಿಸುವುದು ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕು. ಮೂವರಿಗೆ ಒಬ್ಬ ಸಹಾಯಕನನ್ನು ಇಡುವುದು ಅವರಿಗೆ ಗಿಟ್ಟುವುದಿಲ್ಲ. ಅಂದರೆ ಶೆಲ್ ಇದ್ದರೆ ಕುರ್ಚಿ, ಇಲ್ಲದಿದ್ದರೆ ಇಲ್ಲ.

ಗುರುಸಿದ್ದ ಅವರಿಗೆ ಈಗ ಮೂವತ್ತಾರು. ಬಾಗಲಕೋಟೆ ಜಿಲ್ಲೆ ಹುನಗುಂದದ ಹತ್ತಿರದವರು. ನಾಲ್ಕನೇ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವು. ಅಂಧರ ಶಾಲೆಯಲ್ಲಿ ಬ್ರೈಲ್ ಜೊತೆ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿಸಿದರು. ಆರು ವರ್ಷ ಅದನ್ನೇ ಮಾಡಿದರು.

“ನಾ ಹೆಣೆದ ಕುರ್ಚಿ ಎಷ್ಟೋ ಸರಕಾರಿ ಆಫೀಸಿನ್ಯಾಗ ಅದಾವ್ರಿ. ಅದ್ರಾಗ ಕುಂತವ್ರ ಕಡೆ ನೌಕರಿ ಕೇಳಾಕ ಹ್ವಾದ್ರ, ಒಬ್ಬರೂ ಕುಂದ್ರಪಾ ಅನ್ನಲಿಲ್ಲ,” ಎಂದು ನಗುತ್ತಾರೆ.

ತೊಂಬತ್ತೆಂಟರಲ್ಲಿ ಬೆಂಗಳೂರಿಗೆ ಬಂದು ಜಯನಗರ ನಾಲ್ಕನೇ ಬ್ಲಾಕಿನ ಟೈಪಿಂಗ್ ಶಾಲೆಯೊಂದಕ್ಕೆ ಹೋದರು. ಕೀಲಿಗಳು ಕಾಣದೆ ಹೇಗೆ ಕಲಿಯುತ್ತೀರಿ ಎಂದು ಅಲ್ಲಿನವರು ಕೇಳಿದರು. “ಕೀಲಿ ನೋಡದ ಹೊಡಿಯೂದ ಕಲಿಸ್ತೀವಿ ಅಂತ ಬಾಗಲಾಗ ಬೋರ್ಡ್ ಹಾಕೀರಂತಲ್ರಿ, ಅದು ಖರೇನೋ ಸುಳ್ಳೋ?” ಎಂದು ಗುರುಸಿದ್ದ ತಿರುಗಿ ಕೇಳಿದರು. ಸೀಟು ಸಿಕ್ಕಿತು. ಇಂಗ್ಲಿಷನ್ನು ಕ್ಯಾಸೆಟ್ಟುಗಳಿಂದ ಕಲಿತರು. ಕಂಪ್ಯೂಟರನ್ನು, ಮಾತಾಡುವ ಎಡಿಟರ್ ಇದ್ದ ಒಂದು ಸಿ.ಡಿ. ಸಿಕ್ಕ ಮೇಲೆ, ಕೆಡಿಸಿ ಕೆಡಿಸಿ ಕಲಿತರು. ಇದರಲ್ಲಿ ದೊಡ್ಡ ಸಾಹಸದ ಕಥೆ ಹುಡುಕುವವರಿಗೆ ಅವರು ಸಹಕರಿಸುವುದಿಲ್ಲ. ಬೇಕಿತ್ತು, ಕಲಿತೆ ಎಂದು ಮುಗಿಸುತ್ತಾರೆ.

ಈ ಕಚೇರಿಯಲ್ಲಿ ಮೊದಲ ಸಲ ಶೆಲ್ ಕೂರಿಸಿದವರು ಮಾಲೀಕ ವಿಷ್ಣು. ಅವರಿಗೂ ಈ ವಿದ್ಯೆ ಗೊತ್ತು. ಕಮಾಂಡ್ ಬರೆಯುವ ಜಾಗಕ್ಕೆ ನೀಲಿ, ಫೋಲ್ಡರಿಗೆ ಹಸಿರು, ತಪ್ಪಾದರೆ ಕೆಂಪು ಎಂದು ಬಣ್ಣ ಹಾಕಿ, ಸುತ್ತ ನಕ್ಷತ್ರದ ಸಾಲು ಎಳೆದು ಒಪ್ಪಿಸಿದರು. ಗುರುಸಿದ್ದ ಹೆಡ್‌ಫೋನ್ ಹಾಕಿಕೊಂಡರು. ಯಂತ್ರ “ಸ್ಟಾರ್ ಸ್ಟಾರ್ ಸ್ಟಾರ್” ಎಂದು ಶುರು ಮಾಡಿತು. ಆಮೇಲೆ ಬಣ್ಣ ಸೂಚಿಸುವ ಗುಪ್ತ ಅಂಕಿಗಳನ್ನು ಒಂದೊಂದಾಗಿ ಓದಿತು: “ಬ್ರ್ಯಾಕೆಟ್ ತ್ರೀ ಫೋರ್ ಎಂ, ಬ್ರ್ಯಾಕೆಟ್ ತ್ರೀ ಟೂ ಎಂ.” ಒಂದು ಫೈಲಿನ ಹೆಸರು ಕೇಳಬೇಕಾದರೆ ಇಷ್ಟೆಲ್ಲ ಮುಗಿಯುವ ತನಕ ಕಾಯಬೇಕಿತ್ತು.

“ಸಾರಿ ಗುರು, ಚೆನ್ನಾಗಿ ಕಾಣ್ಲಿ ಅಂತ ಕಲರ್ ಹಾಕ್ದೆ,” ಎಂದರು ವಿಷ್ಣು.

“ಯಾರಿಗೆ ಕಾಣ್ಲಿ ಅಂತ ಸರ?” ಎಂದರು ಗುರುಸಿದ್ದ.

ಅಂದಿನಿಂದ ಕೂರಿಸುವ ಕೆಲಸ ಅವರದೇ. ಈ ಬೆಳಿಗ್ಗೆ ಹೊಸ ಯಂತ್ರದಲ್ಲಿ ಅವರು ಮೊದಲು ಮಾಡಿದ್ದು ಶೆಲ್ ಎಲ್ಲಿದೆ ಎಂದು ಎಡಿಟರಿಗೆ ತಿಳಿಸುವ ಒಂದು ಸಾಲು. ಎರಡನೆಯದು, ಇಲ್ಲಿ ಪರದೆ ಇಲ್ಲ, ಬಣ್ಣ ಕಳಿಸಬೇಡ ಎಂದು ಶೆಲ್ಲಿಗೆ ತಿಳಿಸುವುದು. ಪ್ರತಿ ಕಮಾಂಡಿಗೂ ಮೊದಲು ಅದು ಯಂತ್ರದ ಹೆಸರು, ಫೋಲ್ಡರಿನ ದಾರಿ, ಗಂಟೆ ಎಲ್ಲ ಒದರುತ್ತದೆ. ಅದನ್ನು ಕತ್ತರಿಸಿ ಒಂದು ಪದಕ್ಕೆ ಇಳಿಸಿದರು. ಕಮಾಂಡ್ ನಡೆದರೆ ಟಿಕ್ ಎಂಬ ಸದ್ದು, ನಡೆಯದಿದ್ದರೆ ಡಬ್ ಎಂಬ ಸದ್ದು. ಇವೆಲ್ಲ ಒಂದು ಫ್ಲಾಪಿಯಲ್ಲಿವೆ, ಸುರಿದರೆ ಸಾಕು. ಆದರೂ ಪ್ರತಿ ಸಾಲನ್ನೂ ಓದಿಸಿ ಕೇಳುತ್ತಾರೆ. ಹಾಗೆ ಕೇಳಲು ಕಾರಣ ಫೆಬ್ರವರಿಯ ಒಂದು ಮಂಗಳವಾರ.

ಆ ಮಂಗಳವಾರದ ಕಥೆ ಮೂವರಲ್ಲಿ ಇನ್ನೊಬ್ಬರಾದ ದುಂಡವ್ವ ಅವರದು. ಜಮಖಂಡಿ ಕಡೆಯವರು, ಇಪ್ಪತ್ಮೂರು ವರ್ಷ. ಬನಶಂಕರಿಯ ಹಾಸ್ಟೆಲೊಂದರಲ್ಲಿದ್ದಾರೆ. ಎಡಗಿವಿಗೆ ಅಮೆರಿಕದ ವೈದ್ಯ, ಬಲಗಿವಿಗೆ ಎಡಿಟರಿನ ಧ್ವನಿ. ಎರಡರ ನಡುವೆ ದಿನಕ್ಕೆ ಏಳುನೂರು ಸಾಲು ಟೈಪ್ ಮಾಡುತ್ತಾರೆ. ಕಣ್ಣಿದ್ದವರ ಸರಾಸರಿಯೂ ಸುಮಾರು ಅಷ್ಟೇ.

ಆ ಬೆಳಿಗ್ಗೆ ದುಂಡವ್ವ ದಿನದ ಹದಿನೇಳು ಫೈಲುಗಳನ್ನು, ಎಲ್ಲರ ಫೈಲುಗಳೂ ಬಂದು ಬೀಳುವ ಕಚೇರಿಯ ಸರ್ವರಿನಿಂದ ತಮ್ಮ ಫೋಲ್ಡರಿಗೆ ತಂದುಕೊಂಡರು. ತಂದ ಮೇಲೆ ಅವು ಸರ್ವರಿನಲ್ಲಿ ಉಳಿಯುವುದಿಲ್ಲ. ಅಲ್ಲಿ ಜಾಗ ಕಡಿಮೆ. ಹಿಂದಿನ ದಿನ ಕೊನೆಗೆ ಯಾವ ಫೈಲ್ ಕಳಿಸಿದ್ದೆ ಎಂಬ ಅನುಮಾನ ಬಂತು. ಶೆಲ್ಲಿನ ಹಾಳೆಯಲ್ಲಿ ಒಂದೊಂದೇ ಸಾಲು ಮೇಲೆ ಹತ್ತುತ್ತ ಓದಿಸಿಕೊಂಡರು. ಕಣ್ಣಿದ್ದವರು ಹಳೆಯ ಸಾಲನ್ನು ದೂರದಿಂದ ನೋಡಿ ಬಿಡುತ್ತಾರೆ. ಕೇಳುವವರು ಆ ಸಾಲಿನ ಮೇಲೆ ಹೋಗಿ ನಿಲ್ಲಲೇಬೇಕು. ದುಂಡವ್ವ ನಿಂತ ಸಾಲು ಹಿಂದಿನ ಸಂಜೆ ಕೆಲಸ ಮುಗಿಸಿ ಕೊಟ್ಟದ್ದು: ಫೋಲ್ಡರಿನಲ್ಲಿರುವ ಧ್ವನಿಯ ಫೈಲುಗಳನ್ನೆಲ್ಲ ಅಳಿಸು. ರಿಪೋರ್ಟ್ ಟೈಪ್ ಮಾಡುವಾಗ ಒಂದು ಸಾಲು ಕೇಳಿಯಾದ ಮೇಲೆ ಎಂಟರ್ ಒತ್ತುವುದು ಕೈಗೆ ಅಂಟಿದ ಅಭ್ಯಾಸ. ಒತ್ತಿದರು. ಎಡಿಟರ್ ಒಳಗಿನ ಶೆಲ್ಲಿನಲ್ಲಿ ಹಳೆಯ ಸಾಲಿನ ಮೇಲೆ ಎಂಟರ್ ಒತ್ತಿದರೆ ಆ ಕಮಾಂಡ್ ಮತ್ತೆ ನಡೆಯುತ್ತದೆ.

“ಟಿಕ್ ಅಂತ್ರಿ. ನಾ ಏನೂ ಹೇಳಿಲ್ಲ, ಇದ್ಯಾಕ ಟಿಕ್ ಅಂತು ಅನ್ಕೊಂಡೆ. ಫೋಲ್ಡರ್ ಓದಿಸಿದೆ. ಏನೂ ಇಲ್ಲ ಅಂತು,” ಎನ್ನುತ್ತಾರೆ ದುಂಡವ್ವ. ಮುಚ್ಚಿಡಲಿಲ್ಲ. ನೇರ ಎದ್ದು ಹೋಗಿ ಪಾಳಿಯ ಮೇಲ್ವಿಚಾರಕಿ ಶರ್ವಾಣಿ ಅವರಿಗೆ ಹೇಳಿದರು.

ಶರ್ವಾಣಿ ಬಸವನಗುಡಿಯವರು, ಮಾತು ನೇರ. “ಕೋಪ ಬಂತು, ಸುಳ್ಳು ಯಾಕೆ ಹೇಳ್ಲಿ. ಮಧ್ಯಾಹ್ನದೊಳಗೆ ಆಸ್ಪತ್ರೆಗೆ ರಿಪೋರ್ಟ್ ಹೋಗ್ಬೇಕಿತ್ತು. ಆದ್ರೆ ಸರ್ ಶೆಲ್ ತೆಗೀತೀನಿ ಅಂದಾಗ ಬೇಡ ಅಂದಿದ್ದೂ ನಾನೇ. ಶುರುವಿನಲ್ಲಿ ಇವ್ರ ಫೈಲೆಲ್ಲ ನಾನೇ ತಂದ್ಕೊಡ್ತಿದ್ದೆ. ಗಂಟೆಗೆ ಹತ್ತು ಸಲ ಮೇಡಂ ಮೇಡಂ. ಶೆಲ್ ಬಂದ್ಮೇಲೆ ಊಟಕ್ಕೆ ಬಿಟ್ರೆ ನನ್ನ ಕರೆಯೋದೇ ನಿಂತೋಯ್ತು.”

ಶೆಲ್ ತೆಗೆಯುವ ಮಾತಾಡಿದ್ದು ವಿಷ್ಣು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಷರತ್ತು ಮುರಿದ ಮೇಲೆ ಮಾರ್ಚ್ ತನಕ ಕಾಯುವ ಅಗತ್ಯವೇ ಇರಲಿಲ್ಲ.

ಗುರುಸಿದ್ದ ಬೇಡಿಕೊಳ್ಳಲಿಲ್ಲ. “ಸರ, ಆಕಿ ತಪ್ಪಲ್ಲ. ಕೂಡಿಸಿದಾಂವ ನಾನು. ಮ್ಯಾಲಿನ ಸಾಲಿನ್ಯಾಗ ಎಂಟರ್ ಹೊಡದ್ರ ಏನಾಗ್ತೈತಿ ಅಂತ ನಾ ಪರೀಕ್ಷಾ ಮಾಡಿರಲಿಲ್ಲ. ಒಂದು ವಾರ ಕೊಡ್ರಿ. ಆಮ್ಯಾಲ ನೀವ ಕುಂತು ಕೆಡಸ್ರಿ. ಕೆಟ್ರ ನಾವು ಮೂವರೂ ಎದ್ದು ಹೋಗ್ತೀವಿ,” ಎಂದರು.

ಮೂವರ ಪರವಾಗಿ ಹೀಗೆ ಪಣ ಕಟ್ಟಿದ್ದು ಮೂರನೆಯ ಟೈಪಿಸ್ಟ್ ಯಲ್ಲಯ್ಯ ಅವರಿಗೆ ಹಿಡಿಸಲಿಲ್ಲ. ರಾಯಚೂರು ಕಡೆಯ ತಮ್ಮ ಊರಿನಲ್ಲಿ ಅವರಿಗೆ ಎಸ್‌ಟಿಡಿ ಬೂತೊಂದು ಮಂಜೂರಾಗಿತ್ತು. “ನಿನ್ನ ಪರೀಕ್ಷಾದಾಗ ನಾ ಯಾಕ ಫೇಲ್ ಆಗ್ಲಿ?” ಎಂದು ಗುರುವಾರ ಹಾಸಿಗೆ ಸುತ್ತಿದರು. ತಡೆದರೂ ನಿಲ್ಲಲಿಲ್ಲ. ಈಗ ಬೂತಿನಿಂದಲೇ ಆಗಾಗ ಫೋನ್ ಮಾಡುತ್ತಾರೆ. “ಇಲ್ಲಿ ಯಾರೂ ಏನೂ ಅಳಿಸಂಗಿಲ್ಲ ನೋಡಪಾ,” ಎಂದು ಛೇಡಿಸುತ್ತಾರೆ. “ಎರಡು ವರ್ಷ ತಡಿ, ಎಲ್ಲಾರ ಕಿಸೇದಾಗ ಫೋನ್ ಬರ್ತಾವ. ಆವಾಗ ಬೂತಿನ್ಯಾಗ ಕುಂತು ಯಾರಿಗೆ ಹಲೋ ಅಂತಿ?” ಎಂದು ಗುರುಸಿದ್ದ ಬಿಟ್ಟುಕೊಡುವುದಿಲ್ಲ.

ಆ ವಾರ ಗುರುಸಿದ್ದ ಶೆಲ್ಲನ್ನು ಬುಡದಿಂದ ಮತ್ತೆ ಕೂರಿಸಿದರು. ಈಗ ಹಳೆಯ ಸಾಲಿನ ಮೇಲೆ ಎಂಟರ್ ಒತ್ತಿದರೆ ಏನೂ ನಡೆಯುವುದಿಲ್ಲ. ಡಬ್ ಎನ್ನುತ್ತದೆ, ಆ ಸಾಲನ್ನು ಓದಿ ಸುಮ್ಮನಾಗುತ್ತದೆ. ಅದೇ ಕಮಾಂಡ್ ಮತ್ತೆ ಬೇಕಾದರೆ ಬೇರೊಂದು ಕೀಲಿಯಿಂದ ಕೆಳಗೆ ಎಳೆದು ತಂದು, ಇನ್ನೊಮ್ಮೆ ಕೇಳಿ, ಆಮೇಲೆ ಒತ್ತಬೇಕು. ಅಳಿಸು ಎಂದರೂ ಶೆಲ್ ಅಳಿಸುವುದಿಲ್ಲ, ಬದಿಯ ಫೋಲ್ಡರಿಗೆ ಸರಿಸುತ್ತದೆ. ಭಾನುವಾರ ಅದನ್ನು ಖಾಲಿ ಮಾಡುವುದು ಗುರುಸಿದ್ದ ಒಬ್ಬರೇ. ದುಂಡವ್ವ ಪಕ್ಕದಲ್ಲಿ ಕೂತು, ತಾನು ಅಂದು ಬೆರಳು ಎಲ್ಲೆಲ್ಲಿ ಇಟ್ಟೆ ಎಂದು ನೆನಪಿಸಿಕೊಂಡು ಅದನ್ನೇ ಮತ್ತೆ ಮತ್ತೆ ಮಾಡಿ ತೋರಿಸಿದರು. “ಆಕಿ ಹೆದರಿ ಸುಮ್ಮನ ಕುಂತಿದ್ರ ನನಗ ತಪ್ಪು ಎಲ್ಲಿ ಐತಿ ಅಂತ ಸಿಗ್ತಿರಲಿಲ್ಲ,” ಎನ್ನುತ್ತಾರೆ ಗುರುಸಿದ್ದ.

ಮುಂದಿನ ಮಂಗಳವಾರ ವಿಷ್ಣು ಬಂದು ಕೂತರು. ಗುರುಸಿದ್ದ ತಮ್ಮದೇ ಆ ದಿನದ ಫೈಲುಗಳಿದ್ದ ಫೋಲ್ಡರನ್ನು ತೆರೆದುಕೊಟ್ಟರು. ನಕಲು ಇಟ್ಟುಕೊಂಡಿರಲಿಲ್ಲ. ಮಾನಿಟರ್ ಇರಲಿಲ್ಲವಾದ್ದರಿಂದ ವಿಷ್ಣು ಕೂಡ ಕಿವಿಯಿಂದಲೇ ನಡೆಸಬೇಕಿತ್ತು.

“ಗುರು, ವಾಯ್ಸ್ ಸ್ವಲ್ಪ ಸ್ಲೋ ಮಾಡಿ, ಏನೂ ಅರ್ಥ ಆಗ್ತಿಲ್ಲ.”

“ಇದು ನಿಮ್ಮ ಸಲುವಾಗಿ ಸ್ಲೋ ಮಾಡಿದ್ದ ಸರ.”

ವಿಷ್ಣು ಹೆಡ್‌ಫೋನ್ ಒತ್ತಿ ಹಿಡಿದು ಮೇಲೆ ಹೋದರು, ಕೆಳಗೆ ಬಂದರು, ಅಳಿಸುವ ಸಾಲನ್ನು ಹುಡುಕಿ ಎಂಟರ್ ಒತ್ತಿದರು. ಡಬ್. ಇನ್ನೊಮ್ಮೆ ಒತ್ತಿದರು. ಡಬ್. ಗೊತ್ತಿದ್ದ ಬೇರೆ ದಾರಿಗಳನ್ನೆಲ್ಲ ಹಿಡಿದರು. ಫೈಲುಗಳು ಒಂದು ಸಲ ಬದಿಯ ಫೋಲ್ಡರಿಗೆ ಹೋದವು, ಗುರುಸಿದ್ದ ವಾಪಸು ತಂದರು. ಟೀ ತಣ್ಣಗಾಯಿತು. ಕೊನೆಗೆ ವಿಷ್ಣು ಹೆಡ್‌ಫೋನ್ ತೆಗೆದು, “ಇರ್ಲಿ ಬಿಡಿ ಶೆಲ್ಲು. ಆ ಎಂಟರ್ ಕೀ ಸೆಟ್ಟಿಂಗು ನನ್ ಮಷೀನಿಗೂ ಹಾಕ್ಕೊಡಿ,” ಎಂದರು. ಮಾರ್ಚ್ ಮುಗಿಯುವ ಮೊದಲೇ ಕುರ್ಚಿಗಳು ಖಾಯಂ ಆದವು. ಯಲ್ಲಯ್ಯ ಬಿಟ್ಟುಹೋದ ಜಾಗಕ್ಕೇ ಈ ಹೊಸ ಯಂತ್ರ.

ಏಳು ಹೊಡೆಯುವ ಹೊತ್ತಿಗೆ ಶೆಲ್ ಸಿದ್ಧವಾಗಿದೆ. ಗುರುಸಿದ್ದ ಒಂದು ಕಮಾಂಡ್ ಕೊಡುತ್ತಾರೆ. ಟಿಕ್. ಮೆಟ್ಟಿಲ ಮೇಲೆ ಮಾತು, ಚಪ್ಪಲಿಯ ಸದ್ದು. ಯಾರೋ ಬಂದು ದೀಪ ಹಾಕುತ್ತಾರೆ.

ಮುಂದೇನು ಬೇಕು ಎಂದು ಕೇಳಿದರೆ ಅವರಲ್ಲಿ ಉತ್ತರ ಸಿದ್ಧವಿದೆ. “ಸರ್ವರ್ ನೋಡ್ಕೊಳ್ಳೂ ಕೆಲಸ ಕೇಳೀನ್ರಿ. ಅದಕ್ಕೂ ಮಾನಿಟರ್ ಬೇಕಾಗಂಗಿಲ್ಲ. ಈ ವರ್ಷ ಕೊಡದಿದ್ರ ಮುಂದಿನ ವರ್ಷ ಮತ್ತ ಕೇಳ್ತೀನಿ.”

ಆ ಮಂಗಳವಾರ ಅಳಿಸಿಹೋದ ಹದಿನೇಳು ಫೈಲುಗಳ ಪೈಕಿ ಹನ್ನೊಂದನ್ನು ಅಮೆರಿಕದವರು ಎರಡು ದಿನದಲ್ಲಿ ಮತ್ತೆ ಕಳಿಸಿದರು. ಉಳಿದವು ಅವರ ಬಳಿಯೂ ಇರಲಿಲ್ಲ. ಆ ವಿಷಯ ಬಂದಾಗ ಗುರುಸಿದ್ದ ದನಿ ತಗ್ಗಿಸುವುದಿಲ್ಲ.

“ಆರು ಫೈಲ್ ಹ್ವಾದವು. ಯಲ್ಲಯ್ಯ ಹ್ವಾದ. ಮತ್ತೇನೂ ಹೋಗಿಲ್ಲ.”