ಹಲವಾಗಲಿನ ಹದಿನೆಂಟು

ಹಾಲಮ್ಮಕ್ಕ, ಆ ವಾರದ ಚೀಟಿಯಲ್ಲಿ ನೀವು ಹದಿನೆಂಟು ಎಂದೇ ಬರೆದಿದ್ದಿರಿ. ಕಂಪ್ಯೂಟರಿನಲ್ಲಿ ಅದನ್ನು ಎರಡು ಮಾಡಿದವಳು ನಾನು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಟ್ಟೂರಿನ ಎಣ್ಣೆ ಗಿರಣಿಯಲ್ಲಿ ಶೇಂಗಾದ ತೂಕ, ಎಣ್ಣೆಯ ಇಳುವರಿ ದಾಖಲಿಸುತ್ತಿದ್ದ ನಾನು ಹರಪನಹಳ್ಳಿಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆಗೆ ಸೇರಿದ್ದೆ. ನೀವು ಹಲವಾಗಲಿನಲ್ಲಿ ಮನೆಮನೆ ತಿರುಗಿ, ವಾಂತಿಭೇದಿಯಾದವರನ್ನು ಎಣಿಸಿ ಚೀಟಿ ಕಳಿಸುತ್ತಿದ್ದಿರಿ; ನಾನು ಪಟ್ಟಿ ಮಾಡುತ್ತಿದ್ದೆ. ಆ ಪಟ್ಟಿ ನೋಡಿಯೇ ಸಂಸ್ಥೆಯ ಡಾಕ್ಟರು ಯಾವ ಊರಿಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದರು.

ಗಿರಣಿಯಲ್ಲಿ ಕಲಿತದ್ದೊಂದಿತ್ತು — ಸಾಲಿಗೆ ಹೊಂದದ ಅಂಕಿ ಬಂದರೆ ತಕ್ಕಡಿ ಕೆಟ್ಟಿದೆ ಎಂದೇ ಅರ್ಥ, ಹಿಂದಿನ ವಾರಗಳ ಸರಾಸರಿ ಹಾಕಿ ಮುಂದೆ ಹೋಗಬೇಕು. ಶೇಂಗಾಕ್ಕೆ ಅದು ನಡೆಯುತ್ತಿತ್ತು. ವಾರಕ್ಕೆ ಒಂದೋ ಎರಡೋ ಬರುತ್ತಿದ್ದ ನಿಮ್ಮೂರಿನಿಂದ ಹದಿನೆಂಟು ಬಂದಾಗ ನನ್ನ ಬೆರಳು ಕ್ಷಣವೂ ತಡೆಯಲಿಲ್ಲ. ನಿಮ್ಮನ್ನೇ ಕೇಳಬಹುದಿತ್ತು. ಬಸ್ಸು ಹತ್ತಿ ಬಂದು ನೋಡಬಹುದಿತ್ತು — ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ ಎಂಬ ಸೊಕ್ಕು...

ಡಾಕ್ಟರು ಬೇರೆ ಊರಿಗೆ ಹೋದರು. ನಾಲ್ಕನೆಯ ದಿನ ನಿಮ್ಮ ಓಣಿಯ ಗಂಗವ್ವನ ಎರಡು ವರ್ಷದ ಮಗಳು ತೀರಿಕೊಂಡಳು.

ಸಂಸ್ಥೆಯವರು ನಿಮ್ಮನ್ನು ಕರೆಸಿದರು. "ಹದಿನೆಂಟು ಅಂತ ಬರದು ಕಳಿಸೀನ್ರಿ" ಎಂದು ಹೇಳುತ್ತಲೇ ಇದ್ದಿರಿ. ಕೊನೆಗೆ ನನ್ನ ಕಡೆ ತಿರುಗಿದಿರಿ.

"ಶಬಾನಾ, ನೀ ನೋಡೀಯಲ್ಲವ್ವ. ಹೇಳು."

"ಇಲ್ಲಕ್ಕ, ಚೀಟ್ಯಾಗ ಎರಡು ಅಂತನ ಇತ್ತು."

ಆ ಚೀಟಿಯನ್ನು ಅಂದು ಬೆಳಿಗ್ಗೆಯೇ ಒಲೆಗೆ ಹಾಕಿದ್ದೆ. ನೀವು ಜಗಳ ತೆಗೆಯಲಿಲ್ಲ. ನನ್ನ ಮುಖ ನೋಡಿದಿರಿ — ನಿಮಗೆ ಗೊತ್ತಾಗಿತ್ತು, ಅಲ್ಲವೇ? ನಿಮ್ಮ ಕೆಲಸ ಹೋಯಿತು. "ಎಣಸಾಕ ಬರದಾಕಿ, ಕೂಸಿನ ಜೀವ ತಗದ್ಲು" ಎಂದು ಊರವರು ಆಡಿಕೊಂಡರಂತೆ. ಗಂಗವ್ವ ನಿಮ್ಮೊಡನೆ ಮಾತು ಬಿಟ್ಟಳಂತೆ. ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ನಾನು ವಾರವಾರದ ಪಟ್ಟಿ ಮಾಡುತ್ತಲೇ ಇದ್ದೆ.

ಮುಂದೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅಂಕಿಗಳ ಕೆಲಸವನ್ನೇ ಮಾಡಿದೆ. ಈಗ ಹುಡುಗಿಯರಿಗೆ ಅದೇ ಕೆಲಸ ಕಲಿಸುತ್ತೇನೆ. ಅಂಕಿ ವಿಚಿತ್ರವಾಗಿ ಕಂಡರೆ ಮೊದಲು ಬರೆದವರನ್ನು ಕೇಳಿ ಎನ್ನುತ್ತೇನೆ. ಆ ಪಾಠಕ್ಕೆ ಬೆಲೆ ತೆತ್ತವರು ಯಾರೆಂದು ಮಾತ್ರ ಇಂದಿಗೂ ಹೇಳಿಲ್ಲ.

ಭಾನುವಾರ ಹಲವಾಗಲಿಗೆ ಬರುತ್ತೇನೆ. ಮೊದಲು ಗಂಗವ್ವನ ಮನೆಗೆ ಹೋಗಿ, ನಿಮ್ಮ ಓಣಿಯವರೆದುರಿಗೇ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನಿಮ್ಮ ಬಾಗಿಲಿಗೆ. ನೀವು ಒಳಗೆ ಕರೆಯಬೇಕೆಂದೇನೂ ಇಲ್ಲ.