ಎಡಗೈ ಎತ್ತಿದ ಹುಡುಗಿ

ಪುಷ್ಪಾವತಿ ಟೀಚರಿಗೆ ಕಂಠಪಾಠವೆಂದರೆ ಹೇಸಿಗೆ. ನರೇಗಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಲೇ ಅವಳ ತಲೆ ಅರ್ಧ ನೆರೆತಿತ್ತು. ಮಕ್ಕಳು ‘ಟ್ರಾನ್ಸಿಟಿವ್, ಇನ್‌ಟ್ರಾನ್ಸಿಟಿವ್’ ಎಂದು ಸಕರ್ಮಕ, ಅಕರ್ಮಕ ಕ್ರಿಯಾಪದಗಳ ಪಾಠವನ್ನು ಒಂದೇ ರಾಗದಲ್ಲಿ ಒದರತೊಡಗಿದರೆ ಅವಳು ಕಿಟಕಿಯತ್ತ ಹೊರಳಿ ನಿಲ್ಲುತ್ತಿದ್ದಳು. ಒದರುವವರಲ್ಲಿ ಎರಡರ ವ್ಯತ್ಯಾಸ ಒಂದು ಕೂಸಿಗೂ ಗೊತ್ತಿರುತ್ತಿರಲಿಲ್ಲ.

ಈ ವರ್ಷ ಅವಳು ಗೈಡ್ ಮುಚ್ಚಿಟ್ಟಳು.

“ನೀಲವ್ವ ಬಡದ್ಲು ಅಂದ್ರ, ಏನ ಬಡದ್ಲು ಅಂತ ಕೇಳ್ತೀರೋ ಇಲ್ಲೋ?”

“ರೊಟ್ಟಿರೀ!”

“ಅದು ಟ್ರಾನ್ಸಿಟಿವ್. ನೀಲವ್ವ ಮಲಕೊಂಡ್ಲು ಅಂದ್ರ? ಏನ ಮಲಕೊಂಡ್ಲು ಅಂತ ಯಾರಾರ ಕೇಳ್ತಾರೇನು?”

ಪುರ್ತಗೇರಿಯಿಂದ ಬಸ್ಸಿಗೆ ಬರುವ ಉಮಾಶ್ರೀ ಕಿಸಕ್ಕನೆ ನಕ್ಕಳು. “ಹಂಗಾರ ನಮ್ಮ ಎಮ್ಮಿ ಹುಲ್ಲ ತಿಂದ್ರ ಟ್ರಾನ್ಸಿಟಿವ್, ಸತ್ರ ಇನ್‌ಟ್ರಾನ್ಸಿಟಿವ್ ಏನ್ರಿ?”

ಟೀಚರಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಒಬ್ಬಳಾದರೂ ಸಿಕ್ಕಳಲ್ಲ!

ಪಾಲಕರ ಸಭೆ ಬಂತು. ಹೆಡ್‌ಮಾಸ್ತರ ಮಹಾಲಿಂಗಪ್ಪನದೊಂದು ಪದ್ಧತಿಯಿತ್ತು. ಅತಿಥಿಗಳೆದುರು ಏನೇ ಕೇಳಲಿ, ಇಡೀ ತರಗತಿ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಅವನು ಬಲಗೈಯವರನ್ನಷ್ಟೇ ಎಬ್ಬಿಸುತ್ತಿದ್ದ. ಎಂಥಾ ಹೊಲಸು ಆಟ!

“ಈ ಸಲ ಬ್ಯಾಡ್ರಿ ಸರ್. ಹುಡುಗ್ರು ಖರೇನ ಕಲತಾವು,” ಎಂದಳು ಪುಷ್ಪಾವತಿ.

“ನಿಮಗ ನೌಕರಿ ಬೇಕೋ ಬ್ಯಾಡೋ?”

ಸಭೆಯಲ್ಲಿ ಅತಿಥಿಯೊಬ್ಬರು ಅದೇ ವ್ಯತ್ಯಾಸ ಕೇಳಿದರು. ಕೈಗಳೆಲ್ಲ ಮೇಲೆದ್ದವು. ಉಮಾಶ್ರೀ ಎಡಚಿ, ಹುರುಪಿನಲ್ಲಿ ಪದ್ಧತಿ ಮರೆತು ಎಡಗೈಯನ್ನೇ ಎತ್ತಿದಳು. ಮಹಾಲಿಂಗಪ್ಪ ಅವಳನ್ನು ದಾಟಿ, ಬಲಗೈ ಎತ್ತಿದ್ದ ಮಹೇಶ್ವರಿಯೆಂಬ ಹುಡುಗಿಯನ್ನು ಎಬ್ಬಿಸಿದ. ಅವಳು ಗೈಡಿನ ಸಾಲನ್ನು ಉಸಿರು ಬಿಡದೆ ಒದರಿದಳು. ಚಪ್ಪಾಳೆ ಬಿತ್ತು. ಉಮಾಶ್ರೀಯ ಕೈ ಇನ್ನೂ ಕೆಳಗಿಳಿದಿರಲಿಲ್ಲ.

ಪುಷ್ಪಾವತಿಗೆ ತಡೆಯಲಾಗಲಿಲ್ಲ. ನೌಕರಿ ಹೋದರೆ ಹೋಗಲಿ ಎಂದು ಎದ್ದು ನಿಂತಳು. “ಇನ್ನೊಬ್ಬಾಕಿ ಅದಾಳ್ರಿ. ಉಮಾಶ್ರೀ, ಹೇಳವಾ. ನಿಮ್ಮ ಎಮ್ಮಿದು ಹೇಳು.”

ಮಹಾಲಿಂಗಪ್ಪ ಹುಡುಗಿಯ ಎಡಗೈಯನ್ನು ದುರುಗುಟ್ಟಿ ನೋಡಿದ. ಅವಳು ಅದನ್ನು ಇಳಿಸಿ ಬಲಗೈ ಎತ್ತಿದಳು. ಆಮೇಲೆ ಕಣ್ಣು ಮುಚ್ಚಿ, ಮಹೇಶ್ವರಿ ಒದರಿದ ಸಾಲನ್ನೇ ಅದೇ ರಾಗದಲ್ಲಿ, ಒಂದಕ್ಷರವೂ ತಪ್ಪದೆ ಒದರಿದಳು.

ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು.

“ಚಲೋ ಹೇಳಿದ್ನೇನ್ರಿ ಟೀಚರ್?”

ಅತಿಥಿಗಳೆಲ್ಲ ನಗುತ್ತ ಪುಷ್ಪಾವತಿಯತ್ತಲೇ ನೋಡುತ್ತಿದ್ದರು. ಮಹಾಲಿಂಗಪ್ಪನೂ ನೋಡುತ್ತಿದ್ದ.

“ಭಾಳ ಚಲೋ ಹೇಳಿದಿ,” ಎಂದಳು ಅವಳು. ತನ್ನ ದನಿ ಕೇಳಿ ತನಗೇ ಹೇಸಿಗೆಯಾಯಿತು.