ಬೋಣಿಯಾಗದೆ ಹೆಬ್ಬೆಟ್ಟಿಲ್ಲ

ಹುಮನಾಬಾದಿನ ಒಂದು ಫೈನಾನ್ಸ್ ಆಫೀಸಿನಲ್ಲಿ ಸಂಜೀವಕುಮಾರನದು ವಸೂಲಿ ಕೆಲಸ. ಬೈಕಿನ ಕಂತು ಕಟ್ಟದವರ ಬಾಗಿಲಲ್ಲಿ ನಿಂತು, ದನಿ ಏರಿಸದೆ ರೊಕ್ಕ ಎಬ್ಬಿಸುವುದರಲ್ಲಿ ತಾನು ಪಳಗಿದವನೆಂದು ಅವನ ನಂಬಿಕೆ. ಬಸವಕಲ್ಯಾಣದ ಸ್ವಂತ ಮನೆಯಲ್ಲಿ ಮಾತ್ರ ಆ ವಿದ್ಯೆ ನಡೆಯುತ್ತಿರಲಿಲ್ಲ.

ಅವನಪ್ಪ ಮಹಾರುದ್ರಪ್ಪ ಜೀವಮಾನವೆಲ್ಲ ಬಟ್ಟೆ ಅಂಗಡಿ ನಡೆಸಿದವರು. ಈಗ ಮರೆವಿನ ರೋಗ. ದುಡಿದದ್ದೆಲ್ಲ ಅವರದೇ ಖಾತೆಯಲ್ಲಿ, ಆದರೆ ಕೈಗೆ ಸಹಿ ಮರೆತುಹೋಗಿತ್ತು. ಸಂಜೀವನ ಸಂಬಳ ಗುಳಿಗೆಗೆ, ಡಾಕ್ಟರಿಗೆ, ಕಲಬುರಗಿ ಓಡಾಟಕ್ಕೆ ಮುಗಿಯುತ್ತಿತ್ತು. ಹಗಲೆಲ್ಲ ಅಪ್ಪನನ್ನು ನೋಡಿಕೊಳ್ಳುವ ಗಯಾಬಾಯಿಗೆ ಎರಡು ತಿಂಗಳ ಪಗಾರ ಬಾಕಿ.

"ಸಂಜು, ಸೋಮವಾರದಿಂದ ನಾ ಬರಾಂಗಿಲ್ಲಪ್ಪ," ಎಂದಳು ಆಕೆ. "ಇನ್ನೊಂದು ಮನಿಯವರು ಕರಿಯಾಕತ್ತಾರ. ಅಲ್ಲಿ ಮುದುಕಿಗೆ ಎಲ್ಲಾ ನೆನಪದ, ಪಗಾರದ ತಾರೀಖು ಸೈತ."

"ಇದೊಂದು ವಾರ ನಿಂದ್ರಬೇ," ಎಂದ ಸಂಜೀವ. ಅಂದಮೇಲೆ ಹೊಳೆಯಿತು, ಕಂತಿನವರು ದಿನಾ ತನಗೆ ಹೇಳುವ ಮಾತೇ ಅದು.

ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಹೆಂಡತಿ ಪೂನಂ ಒಳಗಿನಿಂದಲೇ ಅಂದಳು: "ಆಕಿ ಹೋದ್ರ ನಾ ಸಾಲಿ ಬಿಡಬೇಕು, ಇಲ್ಲಾ ನೀವು ವಸೂಲಿ ಬಿಡಬೇಕು. ಮೊನ್ನೆ ಮಾವಾರು ದಾರಿ ತಪ್ಪಿ ಒಬ್ಬರೇ ಬಸ್‌ಸ್ಟ್ಯಾಂಡ್ ಮುಟ್ಟಿದ್ದು ಗೊತ್ತದಲ್ಲ?"

ಖಾತೆದಾರರು ಖುದ್ದು ಬಂದು, ಸಾಕ್ಷಿಗಳೆದುರು ತಾವಾಗಿ ಒಪ್ಪಿ ಹೆಬ್ಬೆಟ್ಟು ಒತ್ತಿದರೆ ರೊಕ್ಕ ಕೊಡುವುದಾಗಿ ಬ್ಯಾಂಕಿನ ಮ್ಯಾನೇಜರ್ ಹೇಳಿದ್ದರು. ಸಂಜೀವ ತಲೆ ಓಡಿಸಿದ. ಗದ್ದಲಕ್ಕೆ ಅಪ್ಪ ಬೆದರುತ್ತಾರೆ, ಆದ್ದರಿಂದ ಬ್ಯಾಂಕಿನ ಬಾಗಿಲು ತೆಗೆಯುತ್ತಲೇ ಮೊದಲಿಗರಾಗಿ ಹೋಗಬೇಕು. ಹಾಗೇ ಹೋದ, ಗಯಾಬಾಯಿಯನ್ನೂ ಕರೆದುಕೊಂಡು.

ಮ್ಯಾನೇಜರ್ ಶಾಯಿಪ್ಯಾಡ್ ಮುಂದಿಟ್ಟರು. ಮಹಾರುದ್ರಪ್ಪ ಮುಷ್ಟಿ ಬಿಗಿದರು.

"ಮುಂಜಾನಿ ಮುಂಜಾನಿ ಏನ್ರಿ ಇದು? ಬೋಣಿ ಆಗಿಲ್ಲ. ಬೋಣಿ ಆಗದೆ ರೊಕ್ಕ ಹೊರಗ ಹೋಗಂಗಿಲ್ಲ."

ಮಗನ ಹೆಸರು ಮರೆತವರಿಗೆ ಇದು ಮರೆತಿರಲಿಲ್ಲ. ದಿನದ ಮೊದಲ ವ್ಯಾಪಾರವಾಗದೆ ಅವರು ಎಂದೂ ಯಾರಿಗೂ ಕೈಯೆತ್ತಿ ಕೊಟ್ಟವರಲ್ಲ. ಅದನ್ನು ನೋಡುತ್ತಲೇ ಬೆಳೆದ ಶಾಣ್ಯಾ ಮಗ ಹುಡುಕಿ ಹುಡುಕಿ ಆರಿಸಿದ್ದು ಅದೇ ಹೊತ್ತನ್ನು.

"ಒತ್ತಾಯ ಮಾಡೋ ಹಂಗಿಲ್ಲ ನೋಡ್ರಿ," ಎಂದರು ಮ್ಯಾನೇಜರ್.

ಗಯಾಬಾಯಿ ಸೆರಗು ಸರಿಮಾಡಿಕೊಂಡು ಏಳುವುದರಲ್ಲಿದ್ದಳು. ಸಂಜೀವ ಗಾಬರಿಯಿಂದ ಅಪ್ಪನ ಎದುರಿನ ಕುರ್ಚಿಗೆ ಬಂದು ಕೂತ.

"ಸಾವ್ಕಾರ್ರೇ, ಒಂದು ಧೋತರ ತೋರಸ್ರಿ."

ಮಹಾರುದ್ರಪ್ಪನವರ ಬೆನ್ನು ನೆಟ್ಟಗಾಯಿತು. "ಬರ್ರಿ, ಬರ್ರಿ. ಯಾರಿಗ್ರಿ?" ಹುಟ್ಟಿದಾಗಿನಿಂದ ಅಪ್ಪ ಅವನಿಗೆ 'ರಿ' ಅಂದದ್ದು ಇದೇ ಮೊದಲು.

"ನಮ್ಮಪ್ಪಗ್ರಿ."

"ಅಪ್ಪಗ?" ಅವರು ಬರಿಗೈಯಲ್ಲೇ ಮೇಜಿನ ಮೇಲೆ ಧೋತರ ಹರವಿ, ಅಂಚು ಸವರಿದರು. "ಹಂಗಾದ್ರ ಹಗುರದ್ದು ಬ್ಯಾಡ. ಇದು ಒಯ್ಯಿರಿ. ಎರಡು ನೂರು."

"ನೂರು ಮಾಡ್ರಿ."

"ಹೆತ್ತಪ್ಪಗ ಒಯ್ಯೋ ಧೋತರಕ್ಕ ಚೌಕಾಸಿ ಮಾಡ್ತಾರೇನ್ರಿ? ನಾಚಿಕಿ ಬರಬೇಕು!"

ಮ್ಯಾನೇಜರ್ ಕೆಮ್ಮಿದಂತೆ ಮಾಡಿ ಕಂಪ್ಯೂಟರಿನತ್ತ ತಿರುಗಿದರು. ಸಂಜೀವ ಜೇಬಿನಲ್ಲಿದ್ದ ನೂರರ ಎರಡೇ ನೋಟು ತೆಗೆದುಕೊಟ್ಟ. ಅಪ್ಪ ಅವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಮ್ಯಾನೇಜರರಿಗೆ, "ಈಗ ಹೇಳ್ರಿ. ಯಾರಿಗೆ ಕೊಡೋದದ?"

"ಈ ಬಾಯಿಯವರ ಪಗಾರ್ರಿ," ಎಂದು ಮ್ಯಾನೇಜರ್ ಗಯಾಬಾಯಿಯತ್ತ ಕೈ ತೋರಿಸಿದರು.

"ಆಳಿನ ಪಗಾರ ಬಾಕಿ ಇಟ್ಟಾರ? ಯಾವ ನಾಲಾಯಕ್ ಅವ?" ಎಂದು ಮಹಾರುದ್ರಪ್ಪ ತಾವಾಗಿಯೇ ಹೆಬ್ಬೆಟ್ಟು ಒತ್ತಿದರು. ನಾಲಾಯಕ್ ಎದುರಿಗೇ ಕೂತು ಸಾಕ್ಷಿ ಸಹಿ ಹಾಕಿದ.

ಬಂದ ರೊಕ್ಕದಲ್ಲಿ ಗಯಾಬಾಯಿಗೆ ಅಪ್ಪನೇ ಎಣಿಸಿ ಕೊಟ್ಟು, ಉಳಿದದ್ದನ್ನು ಬನಿಯನ್ನಿನ ಒಳಜೇಬಿಗಿಳಿಸಿ ಗುಂಡಿ ಹಾಕಿಕೊಂಡರು. ಆಟೋ ಮನೆ ಮುಂದೆ ನಿಂತಾಗ ಸಂಜೀವ ಖಾಲಿ ಜೇಬು ತಡಕಿ, ಅಪ್ಪನ ಗುಂಡಿಯ ಕಡೆ ನೋಡಿದ. ಅಪ್ಪ ಮುಖ ತಿರುಗಿಸಿದರು.

ಬಾಡಿಗೆ ಕೊಟ್ಟವಳು ಗಯಾಬಾಯಿ.

"ಇರ್ಲಿ ಬಿಡಪ್ಪ, ಸೋಮವಾರ ಬರ್ತೀನಲ್ಲ," ಎಂದಳು. "ಆವಾಗ ಇಸ್ಕೋತೀನಿ. ವಾಯ್ದೆ ಹೇಳಬ್ಯಾಡ ಮತ್ತ."